ನಡುವೊಂದು ಕ್ಷ

ಹಾತಲಗೇರಿ ನಾಕಾದಾಗ, ಎಸ್‌ಟಿಡಿ ಬೂತಿನ ಹಿಂದ
ಪ್ಲೈವುಡ್ ಅಡ್ಡ ಹೊಡದು ಮಾಡಿದ ಮೂರು ಗೂಡು.
ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗಬೇಕು,
ಧೂಳು ಕಂಪ್ಯೂಟರಿಗೆ ಆಗೂದಿಲ್ಲಂತ ಮೌಲಾಸಾಬನ ಕಟ್ಟಪ್ಪಣೆ.
ತಾಸಿಗೆ ನಲವತ್ತು ರೂಪಾಯಿ.
ನಾ ಅರ್ಧ ತಾಸಿನ ಗಿರಾಕಿ.

ಮೋಡೆಮ್ಮು ಹುಬ್ಬಳ್ಳಿಗೆ ಫೋನ್ ಹಚ್ಚೂದು.
ಮೊದಲ ಸೀಟಿ, ಆಮ್ಯಾಲೆ ಕೆಮ್ಮು,
ಆಮ್ಯಾಲೆ ಎಣ್ಣಿ ಕಾಣದ ಟ್ರೆಡಲ್ ಮಷೀನು
ಕಾಗದ ಇಲ್ಲದ ತಿರುಗಿದಂಥಾ ಕಿರಚಾಟ.
ಅಪ್ಪನ ಪ್ರೆಸ್ಸಿನ ಸಪ್ಪಳದಾಗ ನಿದ್ದಿ ಮಾಡಿ ಬೆಳದಾಕಿಗೆ
ಗುರುತಿನವರು ಕರದಂಗ ಆತು.
ಮೂರು ಸಲ ಕಡೀತು. ನಾಲ್ಕನೇದಕ್ಕ ಹತ್ತಿತು.

ಹೆಸರು ಕೇಳಿತು. ಕೊಟ್ಟೆ.
ಇದನ್ನ ಆಗಲೇ ಯಾರೋ ತಗೊಂಡಾರ, ಅಂತು.
ದಾಕ್ಷಾಯಣಿ!
ಬೆಟಗೇರಿ ಸಾಲಿಯೊಳಗ ಇಡೀ ವರ್ಗಕ್ಕ ನಾ ಒಬ್ಬಾಕಿ.
ನನಗಿಂತ ಮೊದಲ ಬಂದು
ನನ್ನ ಹೆಸರಿನ ಮ್ಯಾಲೆ ಟವೆಲ್ ಹಾಕಿದಾಕಿ ಯಾರು?
“ಹಿಂದ ಎಪ್ಪತ್ತೊಂಬತ್ತು ಹಚ್ಚವಾ,” ಅಂದ ಮೌಲಾಸಾಬ.
ಹಚ್ಚಿದೆ.
ಹಚ್ಚಿ, ಮೊದಲನೇ ಪತ್ರ ಆಕಿಗೇ ಬರದೆ,
ಇಂಗ್ಲಿಷ್ ಅಕ್ಷರದಾಗ ಕನ್ನಡ ತುರುಕಿ:
ನೀ ಯಾವ ಊರು? ನಿನಗ ಈ ಹೆಸರು ಯಾರಿಟ್ಟರು?

ಹನ್ನೊಂದು ದಿನಕ್ಕ ಉತ್ತರ ಬಂತು.
ತಲಿ ಮ್ಯಾಲೆ ಟೊಪ್ಪಿಗಿ, ಕಾಲಾಗ ಬಾಲ,
ಅರ್ಧ ಇಂಗ್ಲಿಷು, ಅರ್ಧ ಇರಿವಿ ಸಾಲು.
“ಆಕಿ ಕನ್ನಡದಾಗ ಬರದಾಳ, ಆ ಫಾಂಟು ನಮ್ಮಲ್ಲಿಲ್ಲ,”
ಅಂದ ಮೌಲಾಸಾಬ, ತಾನೇ ತಪ್ಪು ಮಾಡಿದವರಂಗ.
ಐದು ರೂಪಾಯಿ ಕೊಟ್ಟು ಪ್ರಿಂಟ್ ತಗೊಂಡು
ಸೈಕಲ್ ಕ್ಯಾರಿಯರಿಗೆ ಸಿಗಿಸಿ ಮನಿಗೆ ಬಂದೆ.

ಅಪ್ಪ ಮೂವತ್ತೊಂದು ವರ್ಷದ ಕಂಪೋಜಿಟರ್.
ಲಗ್ನಪತ್ರಿಕಿ, ಕರಪತ್ರ, ವಾರ್ಷಿಕ ವರದಿ
ಎಲ್ಲಾನೂ ತಲಿಕೆಳಗ ಓದಿದ ಮನಷ್ಯಾ.
ಕಾಗದ ದೀಪಕ್ಕ ಹಿಡದ, ತಿರುಗಿಸಿದ, ಮತ್ತ ತಿರುಗಿಸಿದ.
“ಯಾರೋ ಕೇಸ್ ಬೀಳಿಸ್ಯಾರ ತಂಗಿ,” ಅಂದ,
“ಮೊಳಿ ಎಲ್ಲಾ ಕಲಬೆರಕಿ ಆಗ್ಯಾವ. ಆರಸೋಣಂತ ತಡಿ.”

ಆವತ್ತ ರಾತ್ರಿ ಊಟದ ತಾಟು ಅಲ್ಲೇ ಒಣಗಿತು.
ಮ್ಯಾಲಿನ ಸಾಲು, ಕೆಳಗಿನ ಸಾಲು ಒಂದೇ ಥರ ಇದ್ವು.
“ಮ್ಯಾಲೆ ನೀ, ಕೆಳಗ ಆಕಿ,” ಅಂತ ಬೆರಳಿಟ್ಟ.
ಅಲ್ಲಿಂದ ದ ಸಿಕ್ತು, ಯ ಸಿಕ್ತು.
“ಣ ಹುಡುಕಬ್ಯಾಡ, ಅದರ ಖಾನಿ
ವರ್ಷಕ್ಕೊಮ್ಮಿ ತುಂಬಿದ್ರ ಸಾಕಾಗ್ತದ.”
ಬಾಕಿ ಎಲ್ಲಾ ಕತ್ತಲಿ.
ಬರೇ ನಡುವಿನ ಸಾಲಿನಾಗ ಒಂದು ಶಬ್ದ:
ಎರಡು ಅಕ್ಷರ, ಆಮ್ಯಾಲೆ ಕ್ಷ,
ನಮ್ಮ ಹೆಸರಿನ ಅದೇ ಕ್ಷ, ಬಾಲ ಬ್ಯಾರೆ.

ಪರೀಕ್ಷೆ ಇರಬಹುದು, ಅಂದೆ ನಾ. ನನಗ ಅದೇ ಚಿಂತಿ ಇತ್ತು.
ಅಪೇಕ್ಷೆ ಆಗಬಹುದಲ್ಲ, ಅಂದ್ಲು ಅವ್ವ, ರೊಟ್ಟಿ ಹಂಚು ಇಳಸಿ.
ಅಪ್ಪ ಭಾಳ ಹೊತ್ತು ಸುಮ್ಮನಿದ್ದ.
“ನಿರೀಕ್ಷೆ,” ಅಂದ.
ಉಪೇಕ್ಷೆ ಅಂತ ಒಂದಿತ್ತು,
ಅದನ್ನ ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ.

ನಾ ಮತ್ತ ಬರದೆ, ಎರಡು ಸಲ. ಉತ್ತರ ಬರಲಿಲ್ಲ.
ಮೌಲಾಸಾಬ ಹುಬ್ಬಳ್ಳಿಂದ ಫ್ಲಾಪಿಯೊಳಗ ಫಾಂಟು ತಂದಾಗ
ಹುಣಸಿಹಣ್ಣಿನ ಸುಗ್ಗಿ ಮುಗದಿತ್ತು.
ಭಾಳ ದಿನ ಬಾಗಿಲ ತಗೀಲಿಲ್ಲಂತ
ಡಬ್ಬಿಯೊಳಗಿನ ಪತ್ರ ಎಲ್ಲಾ ಅಳಿಸಿ ಒಗದಿದ್ರು.
ಪ್ರಿಂಟು ಇತ್ತು. ಅದಕ್ಕ ಫಾಂಟು ಹಾಕಾಕ ಬರ್ತದೇನು?

ಇದು ಪ್ರೆಸ್ಸು ಮಾರೂಕಿಂತ ಮೊದಲಿನ ಮಾತು:
ಅಪ್ಪ ಒಂದಿನ ಆ ಪತ್ರ ಕಂಪೋಜ್ ಮಾಡಿದ.
ಮ್ಯಾಲೆ ದಾಕ್ಷಾಯಣಿ, ಕೆಳಗ ದಾಕ್ಷಾಯಣಿ,
ತಿಳೀಲಾರದ ಜಾಗಾಕ್ಕೆಲ್ಲಾ
ಅಕ್ಷರ ಇಲ್ಲದ ಖಾಲಿ ಮೊಳಿ, ಎಣಿಸಿ ಎಣಿಸಿ.
ನಡುವಿನ ಆ ಶಬ್ದಕ್ಕೂ
ಎರಡು ಖಾಲಿ ಇಟ್ಟು, ಕ್ಷೆ ಒಂದನ್ನ ಕೂಡಿಸಿದ.

ಪ್ರೂಫ್ ತಗದು ಕೈಯಾಗ ಕೊಟ್ಟ.
ಮಸಿ ಇನ್ನೂ ಹಸಿ ಇತ್ತು,
ಹೆಬ್ಬಟ್ಟಿಗೆ ಹತ್ತಿತು.